ಲಿಪ್ಟನ್ ಎಂಬ ಅಂಗಡಿ ಹುಡುಗ

ಹಾಸ್ಟೆಲ್‌ನಲ್ಲಿ ಸ್ಟವ್ ಇಡುವಂತಿಲ್ಲ, ಹಾಲು ಸಂಜೆಯವರೆಗೆ ಉಳಿಯುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನಗಳಲ್ಲಿ ನಮ್ಮಂಥವರ ಆಪದ್ಬಾಂಧವರು ಎರಡೇ: ಒಂದು ಕೆಟಲ್, ಒಂದು ಪ್ಯಾಕೆಟ್ ಟೀ ಬ್ಯಾಗ್. ಆ ಹಳದಿ ಪ್ಯಾಕೆಟ್ಟಿನ ಮೇಲಿನ ಲಿಪ್ಟನ್ ಎಂಬುದು ಕಂಪನಿಗೆ ಇಟ್ಟ ಬರೀ ಹೆಸರು ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಆತ ಓದಿದ್ದು ಹದಿಮೂರು ವರ್ಷದವರೆಗೆ ಮಾತ್ರ.

ಥಾಮಸ್ ಲಿಪ್ಟನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 1848ರಲ್ಲಿ. (ಆತ ಮಾತ್ರ ಕೊನೆಯವರೆಗೂ 1850 ಎಂದೇ ಹೇಳಿಕೊಳ್ಳುತ್ತಿದ್ದ. ವಯಸ್ಸು ಕಡಿಮೆ ಹೇಳುವ ಚಟ ದೊಡ್ಡವರಿಗೂ ಇರುತ್ತದೆ!) ಅಪ್ಪ ಅಮ್ಮ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಬಡವರ ಕೇರಿಯಾದ ಗೋರ್ಬಲ್ಸ್‌ನಲ್ಲಿ ಬೆಣ್ಣೆ, ಮೊಟ್ಟೆ, ಹಂದಿಮಾಂಸ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಮನೆಗೆ ನೆರವಾಗಲೆಂದು ಹುಡುಗ ಶಾಲೆ ಬಿಟ್ಟ. ಕಾಗದದ ಅಂಗಡಿಯಲ್ಲಿ ಓಡಾಟದ ಕೆಲಸ, ಆಮೇಲೆ ಅಂಗಿ ಬಟ್ಟೆ ಕತ್ತರಿಸುವ ಕೆಲಸ, ಆಮೇಲೆ ಹಡಗಿನಲ್ಲಿ ಸಹಾಯಕ. ಅಲ್ಲಿ ಉಳಿಸಿದ ದುಡ್ಡಿನಲ್ಲಿ ಅಮೆರಿಕಕ್ಕೆ ಟಿಕೆಟ್ ತೆಗೆದುಕೊಂಡ. ವರ್ಜೀನಿಯಾದ ಹೊಗೆಸೊಪ್ಪಿನ ತೋಟದಲ್ಲಿ ದುಡಿದ, ದಕ್ಷಿಣ ಕ್ಯಾರೊಲಿನಾದ ಭತ್ತದ ಗದ್ದೆಗಳಲ್ಲಿ ಲೆಕ್ಕ ಬರೆದ. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ನ್ಯೂಯಾರ್ಕಿನ ದೊಡ್ಡ ಮಳಿಗೆಯೊಂದರ ದಿನಸಿ ವಿಭಾಗ ಸೇರಿದ. ಮಾಲನ್ನು ಹೇಗೆ ಜೋಡಿಸಿಡಬೇಕು, ಗಿರಾಕಿಯನ್ನು ಹೇಗೆ ಮಾತಾಡಿಸಬೇಕು ಎನ್ನುವುದನ್ನು ಆತ ಕಲಿತದ್ದು ಅಲ್ಲಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ಅವನ ಇಂಟರ್ನ್‌ಶಿಪ್.

ಸುಮಾರು ಐದು ವರ್ಷ ಕಳೆದು ಊರಿಗೆ ಮರಳಿದ ಟಾಮ್, 1871ರಲ್ಲಿ ಗ್ಲಾಸ್ಗೋದ ಸ್ಟಾಬ್‌ಕ್ರಾಸ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದ. ಮಧ್ಯವರ್ತಿಗಳನ್ನು ಬಿಟ್ಟು ರೈತರಿಂದಲೇ ನೇರ ಖರೀದಿ, ಕಡಿಮೆ ಲಾಭ, ಹೆಚ್ಚು ಮಾರಾಟ, ಸೂತ್ರ ಇಷ್ಟೇ. ಪ್ರಚಾರದ ವಿಷಯದಲ್ಲಂತೂ ಆತ ನಮ್ಮ ಕಾಲದ ರೀಲ್ಸ್ ಹುಡುಗರಿಗೆ ಅಪ್ಪ. ಕೊಬ್ಬಿದ ಹಂದಿಗಳಿಗೆ ಬ್ಯಾನರ್ ಕಟ್ಟಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ. 1881ರ ಕ್ರಿಸ್ಮಸ್‌ಗೆ ಭಾರಿ ಗಾತ್ರದ ಗಿಣ್ಣಿನ ಚಕ್ರ ತರಿಸಿ, ಅದರೊಳಗೆ ಚಿನ್ನದ ನಾಣ್ಯ ಹುದುಗಿಸಿ ತುಂಡು ತುಂಡಾಗಿ ಮಾರಿದ. ನೂಕುನುಗ್ಗಲು ತಡೆಯಲು ಪೊಲೀಸರು ಬರಬೇಕಾಯಿತು. 1880ರ ದಶಕ ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಊರೂರಿಗೂ ಅವನ ಅಂಗಡಿ ಬಂದಿತ್ತು.

ಟೀ ಅವನ ಕೈಗೆ ಬಂದದ್ದು ಆಗ, ನಲವತ್ತರ ವಯಸ್ಸಿನಲ್ಲಿ. ಆ ಕಾಲಕ್ಕೆ ಒಳ್ಳೆಯ ಟೀ ಪುಡಿಗೆ ಪೌಂಡಿಗೆ ಮೂರು ಶಿಲಿಂಗ್ ಆಸುಪಾಸು ಬೆಲೆ. ಕೂಲಿಕಾರನ ಮನೆಗೆ ಅದು ದುಬಾರಿ. ಅಂಗಡಿಯವನು ತೆರೆದ ಪೆಟ್ಟಿಗೆಯಿಂದ ತೂಗಿ ಕೊಡುತ್ತಿದ್ದ. ಪುಡಿ ಹಳೆಯದೋ ಹೊಸದೋ, ಕಲಬೆರಕೆಯೋ ಎಂದು ಕೇಳುವಂತಿರಲಿಲ್ಲ. ಲಿಪ್ಟನ್ ಅದನ್ನು ಎರಡು ಶಿಲಿಂಗ್‌ಗಿಂತ ಕಡಿಮೆಗೆ, ಒಂದು ಪೌಂಡ್, ಅರ್ಧ, ಕಾಲು ಪೌಂಡಿನ ಪೊಟ್ಟಣ ಕಟ್ಟಿ ಮಾರಿದ. ಪೊಟ್ಟಣದ ಮೇಲೆ ತೂಕ, ಹೆಸರು ಅಚ್ಚಾಗಿರುತ್ತಿತ್ತು. ಶ್ರೀಮಂತರ ಬೆಳಗಿನ ಟೀ ಬಡವರ ಬೆಳಗಿನ ಟೀ ಕೂಡ ಆದದ್ದು ಹೀಗೆ.

ಇಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. ಆತ ಒಂದೇ ಪುಡಿಯನ್ನು ಎಲ್ಲ ಊರಿಗೂ ಕಳಿಸುತ್ತಿರಲಿಲ್ಲ. ಆಯಾ ಊರಿನ ನೀರಿನ ಮಾದರಿ ತರಿಸಿ, ಆ ನೀರಿಗೆ ಹೊಂದುವ ಮಿಶ್ರಣ ಮಾಡಿಸುತ್ತಿದ್ದ. ಇಂಥ ಊರಿನ ನೀರಿಗೆ ಇಂಥ ಟೀ ಎಂದೇ ಜಾಹೀರಾತು ಕೊಡುತ್ತಿದ್ದ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇಡಿಟಿಎ ಹಾಕಿ ನೀರಿನ ಗಡಸುತನ ಕಂಡುಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಹನೂರು ತಾಲ್ಲೂಕಿನ ಶಾಗ್ಯದ ಕಡೆ ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಆ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಟೀಯೊಳಗಿನ ಪಾಲಿಫಿನಾಲ್‌ಗಳ ಜತೆ ಸೇರಿದರೆ ಲೋಟದ ಮೇಲೆ ತೆಳ್ಳನೆಯ ಕೆನೆಯಂಥ ಪೊರೆ ಏಳುತ್ತದೆ. ಬಣ್ಣ ಮಂಕಾಗುತ್ತದೆ, ಪರಿಮಳ ಸಾಯುತ್ತದೆ. ಹಾಲು, ಸಕ್ಕರೆ ಹಾಕಿ ಕುದಿಸಿದಾಗ ಇದು ಗೊತ್ತಾಗುವುದಿಲ್ಲ. ಹಾಲಿಲ್ಲದ ಟೀಯಲ್ಲಿ ನೀರು ತನ್ನ ಬುದ್ಧಿ ತೋರಿಸುತ್ತದೆ. ಹದಿಮೂರಕ್ಕೆ ಶಾಲೆ ಬಿಟ್ಟವನು ಇದನ್ನು ಗಿರಾಕಿಗಳ ದೂರಿನಿಂದಲೇ ಕಲಿತಿರಬೇಕು.

1890ರಲ್ಲಿ ಲಿಪ್ಟನ್ ಸಿಲೋನಿಗೆ ಹೋದ. ಅಲ್ಲಿನ ಕಾಫಿ ತೋಟಗಳನ್ನು 1869ರಿಂದ ಎಲೆ ತುಕ್ಕು ರೋಗ ತಿಂದು ಹಾಕಿತ್ತು. ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರೂ ಬಲ್ಲ ರೋಗ ಅದು. ಜಮೀನು ಅಗ್ಗವಾಗಿತ್ತು. ಜೇಮ್ಸ್ ಟೇಲರ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1867ರಲ್ಲಿಯೇ ಲೂಲೆಕಂದೇರ ತೋಟದ 19 ಎಕರೆಯಲ್ಲಿ ಟೀ ಬೆಳೆದು ದಾರಿ ತೋರಿಸಿದ್ದ. ಲಿಪ್ಟನ್ ಹಪುತಲೆ ಬೆಟ್ಟಗಳಲ್ಲಿ ದಂಬತೆನ್ನೆ ಮೊದಲಾದ ತೋಟಗಳನ್ನು ಕೊಂಡ. ತೋಟವೂ ತನ್ನದೇ, ಅಂಗಡಿಯೂ ತನ್ನದೇ, ನಡುವೆ ಯಾರೂ ಇಲ್ಲ. ದಂಬತೆನ್ನೆಯ ಮೇಲೆ ಆತ ಕುಳಿತು ನೋಡುತ್ತಿದ್ದ ಜಾಗವನ್ನು ಇಂದಿಗೂ ಲಿಪ್ಟನ್ಸ್ ಸೀಟ್ ಎಂದು ಪ್ರವಾಸಿಗರಿಗೆ ತೋರಿಸುತ್ತಾರೆ.

ನಡುವೆ ಯಾರೂ ಇಲ್ಲ ಎಂದೆ. ಅದು ವ್ಯಾಪಾರದ ಲೆಕ್ಕ. ಎಲೆ ಕೀಳುವವರು ಇದ್ದರಲ್ಲ! ಅವರು ಮದ್ರಾಸ್ ಪ್ರಾಂತ್ಯದ ಬರದ ಊರುಗಳಿಂದ ಕಂಗಾಣಿಗಳು ಮುಂಗಡ ಕೊಟ್ಟು ಕರೆದೊಯ್ದ ತಮಿಳು ಕೂಲಿಗಳು. ಆಗ ನಮ್ಮ ಕೊಳ್ಳೇಗಾಲವೂ ಅದೇ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೂಲಿಗೆಂದು ಕೊಡಗಿಗೆ, ಕೇರಳಕ್ಕೆ ಹೋಗುವವರನ್ನು ಕಂಡ ಹನೂರು ಸೀಮೆಯವರಿಗೆ ಮುಂಗಡ ಎಂದರೆ ಏನು, ಲೈನ್ ಮನೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಕೂಲಿಗಳ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದರು. ಸ್ವತಂತ್ರ ಸಿಲೋನ್ 1948ರ ಕಾನೂನಿನಿಂದ ಅವರಲ್ಲಿ ಹೆಚ್ಚಿನವರಿಗೆ ಪೌರತ್ವ ಇಲ್ಲದಂತೆ ಮಾಡಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುವುದೆಂದು ಎರಡು ಸರ್ಕಾರಗಳು ಲೆಕ್ಕ ಹಾಕಿ ಹಂಚಿಕೊಂಡವು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರಿನ ಅರಣ್ಯ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಂತಿವೆ. ಲಿಪ್ಟನ್ ಒಬ್ಬನೇ ಇದಕ್ಕೆ ಕಾರಣ ಎಂದರೆ ತಪ್ಪಾಗುತ್ತದೆ. ಆತ ಹೋಗುವ ಮೊದಲೇ ಆ ಪದ್ಧತಿ ಇತ್ತು. ಆದರೆ ಗ್ಲಾಸ್ಗೋದ ಕೂಲಿಯವನಿಗೆ ಟೀ ಅಗ್ಗವಾಗಿ ಸಿಕ್ಕಿದ್ದರ ಹಿಂದೆ ಹಪುತಲೆಯ ಹೆಣ್ಣುಮಗಳ ಅಗ್ಗದ ಕೂಲಿಯೂ ಇತ್ತು. ಅವನ ಯಶಸ್ಸಿನ ಕಥೆ ಹೇಳುವ ಪ್ರೇರಣಾ ವಿಡಿಯೊಗಳಲ್ಲಿ ಈ ಭಾಗ ಬರುವುದೇ ಇಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1898ರಲ್ಲಿ ಸರ್ ಪದವಿ ಬಂತು. ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಸ್ಪರ್ಧೆಗೆ ಶಾಮ್ರಾಕ್ ಎಂಬ ಹೆಸರಿನ ದೋಣಿಗಳನ್ನು ಕಟ್ಟಿಸಿ 1899, 1901, 1903, 1920, 1930ರಲ್ಲಿ ಐದು ಸಲ ಇಳಿದ. ಐದೂ ಸಲ ಸೋತ. ಕೊನೆಗೆ ಅಮೆರಿಕದ ಜನರೇ ಚಂದಾ ಎತ್ತಿ, ಸೋತವನಿಗೆಂದು ಒಂದು ಚಿನ್ನದ ಬಟ್ಟಲು ಮಾಡಿಸಿ ಕೊಟ್ಟರು. ಈ ಸೋಲುಗಳಿಂದ ಅವನ ಟೀಗೆ ಅಮೆರಿಕದಲ್ಲಿ ಸಿಕ್ಕ ಪ್ರಚಾರವನ್ನು ದುಡ್ಡು ಕೊಟ್ಟು ಕೊಳ್ಳಲು ಆಗುತ್ತಿರಲಿಲ್ಲ. ಸೋಲುವಾಗಲೂ ಅಂಗಡಿಯವನ ಬುದ್ಧಿ ಬಿಟ್ಟಿರಲಿಲ್ಲ ಎಂದು ನನ್ನ ಅನುಮಾನ. ಮದುವೆಯಾಗಲಿಲ್ಲ. 1931ರ ಅಕ್ಟೋಬರ್ 2ರಂದು ಲಂಡನ್ನಿನ ಮನೆಯಲ್ಲಿ ತೀರಿಕೊಂಡ. ಆಸ್ತಿಯ ದೊಡ್ಡ ಪಾಲು ಗ್ಲಾಸ್ಗೋದ ಬಡವರಿಗೆ, ಆಸ್ಪತ್ರೆಗಳಿಗೆ ಹೋಯಿತು; ಹಪುತಲೆಗಲ್ಲ. ಅಪ್ಪ ಅಮ್ಮನ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದರು.

ಟೀ ಬ್ಯಾಗನ್ನು ಕಂಡುಹಿಡಿದವನು ಲಿಪ್ಟನ್ ಎಂದು ಕ್ವಿಜ್‌ಗಳಲ್ಲಿ ಕೇಳಿದ್ದೇನೆ. ಅದು ಸರಿಯಲ್ಲ. ಬಟ್ಟೆಯ ಟೀ ಚೀಲಕ್ಕೆ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಮಿಲ್ವಾಕಿಯ ಇಬ್ಬರು ಹೆಂಗಸರು, ರಾಬರ್ಟಾ ಲಾಸನ್ ಮತ್ತು ಮೇರಿ ಮೆಕ್‌ಲಾರೆನ್. ನೀರು ಎರಡೂ ಕಡೆ ಹರಿಯುವ ನಾಲ್ಕು ಬದಿಯ ಚೀಲವನ್ನು ಲಿಪ್ಟನ್ ಕಂಪನಿ ತಂದದ್ದು 1952ರಲ್ಲಿ, ಯಜಮಾನ ಸತ್ತು 21 ವರ್ಷದ ಮೇಲೆ. ಚೀಲದೊಳಗೆ ಇರುವುದು ದೊಡ್ಡ ಎಲೆಯಲ್ಲ, ಜರಡಿಯಲ್ಲಿ ಕೆಳಗಿಳಿದ ಸಣ್ಣ ತುಣುಕು ಮತ್ತು ಡಸ್ಟ್. ಹಾಗೆಂದು ಅದು ಕಸವಲ್ಲ. ತುಣುಕು ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು, ರಸ ಬೇಗ ಬಿಡುತ್ತದೆ, ಅಷ್ಟೆ.

ವೃತ್ತಿಯವರು ಟೀ ರುಚಿ ನೋಡಲು ಐಎಸ್‌ಒ 3103 ಎಂಬ ಮಾನದಂಡ ಇದೆ: 100 ಮಿಲಿಲೀಟರ್ ಕುದಿವ ನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಒಂದು ಬ್ಯಾಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಪುಡಿ ಇರುತ್ತದೆ. ನಾವು ಅಷ್ಟು ಗಟ್ಟಿ ಕುಡಿಯಲಾರೆವು. ಒಂದು ಲೋಟ ನೀರಿಗೆ ಒಂದು ಬ್ಯಾಗ್, ಮೇಲೆ ತಟ್ಟೆ ಮುಚ್ಚಿ ನಾಲ್ಕು ನಿಮಿಷ ಸಾಕು. ನೀರು ಕುದಿಯುತ್ತಿರಬೇಕು, ಉಗುರುಬೆಚ್ಚಗಿನ ನೀರಿಗೆ ಅದ್ದಿದರೆ ಬಣ್ಣ ಮಾತ್ರ ಬರುತ್ತದೆ. ಮೊದಲ ಗುಟುಕನ್ನು ಸೊರ್ರೆಂದು ಗಾಳಿ ಸೇರಿಸಿ ಎಳೆಯಿರಿ, ಟೀ ಟೇಸ್ಟರ್‌ಗಳು ಮಾಡುವುದೂ ಅದನ್ನೇ. ಪರಿಮಳ ಮೂಗಿಗೆ ಏರುತ್ತದೆ. ನಾಲಿಗೆಯ ಅಂಚಿನಲ್ಲಿ ನೆಲ್ಲಿಕಾಯಿಯಂಥ ಒಗರು ಸಿಕ್ಕರೆ ಟೀ ಚುರುಕಾಗಿದೆ ಎಂದರ್ಥ. ಬ್ರೇಕ್‌ಫಾಸ್ಟ್ ಮಿಶ್ರಣದಲ್ಲಿ ಸಾಮಾನ್ಯವಾಗಿ ಗಟ್ಟಿತನ ಅಸ್ಸಾಮಿನದು, ಘಮ ಸಿಲೋನಿನದು, ಕೆಂಪು ಬಣ್ಣ ಕೀನ್ಯಾದ್ದು. ರಜೆಗೆ ಊರಿಗೆ ಹೋದಾಗ ಎರಡು ಲೋಟ ಮಾಡಿ ನೋಡಿ, ಒಂದು ಬೋರ್ ನೀರಿನದು, ಒಂದು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಿನದು. ಬೋರ್ ನೀರಿನ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಮೇಲಿನ ಪೊರೆ ಕರಗಿ, ಕಪ್ಪಗಿದ್ದ ಟೀ ಜೇನಿನ ಬಣ್ಣಕ್ಕೆ ತಿರುಗುತ್ತದೆ.