ಸುಟ್ಟ ಧೂಳನ್ನು ಓದಿದ ಫ್ಯಾರಡೆ

ವಿದ್ಯುತ್ತಿನ ಪಾಠದಲ್ಲಿ ನಾವು ಮಕ್ಕಳಿಗೆ ಹೇಳುವ ಮೈಕೆಲ್ ಫ್ಯಾರಡೆ 1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನ ಮಗನಾಗಿ ಹುಟ್ಟಿದನು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ, ಕೈಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದನು. ಇನ್ನೊಂದು ಕಥೆಯನ್ನು ನಾವು ಪಾಠದಲ್ಲಿ ಹೇಳುವುದಿಲ್ಲ.

1844ರ ಸೆಪ್ಟೆಂಬರಿನಲ್ಲಿ ಡರ್ಹ್ಯಾಮ್ ಪ್ರಾಂತದ ಹ್ಯಾಸ್ವೆಲ್ ಕಲ್ಲಿದ್ದಲು ಗಣಿ ಸಿಡಿದು, ಹುಡುಗರೂ ಸೇರಿ 95 ಮಂದಿ ಸತ್ತರು. ಸರಕಾರ ಕಳುಹಿಸಿದ ಫ್ಯಾರಡೆಯೂ ಭೂವಿಜ್ಞಾನಿ ಲಯೆಲ್‌ನೂ ಗಣಿಗೆ ಇಳಿದರು. ಮದ್ದಿನ ಚೀಲ ಎಲ್ಲಿಡುತ್ತೀರಿ ಎಂದು ವಿಚಾರಿಸಿದರೆ, ಉರಿಯುವ ಮೇಣದಬತ್ತಿಯ ಬಳಿ ತಾನು ಕುಳಿತಿದ್ದುದೇ ಅದರ ಮೇಲಂತೆ! ಕಣ್ಣೇ ಆಧಾರ. ಆಸರೆಕಂಬಗಳಿಗೆ ಸುಟ್ಟು ಅಂಟಿದ್ದ ಪದರವನ್ನು ಕಂಡು, ಅನಿಲದ ಜೊತೆಗೆ ಕಲ್ಲಿದ್ದಲ ಧೂಳೂ ಉರಿದಿದೆಯೆಂದು ವರದಿ ಬರೆದರು. ಅದಕ್ಕೆ ಬಹುಕಾಲ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1867ರಲ್ಲಿ ಫ್ಯಾರಡೆ ತೀರಿಕೊಂಡನು. 1906ರಲ್ಲಿ ಫ್ರಾನ್ಸಿನ ಕೂರಿಯೆರ್ ಗಣಿಯಲ್ಲಿ ಧೂಳು ಹೊತ್ತಿ 1099 ಮಂದಿ ಸತ್ತರು.