ಜಾನ್ ಡಾಲ್ಟನನೂ ಅವನ ಕಣ್ಣುಗಳೂ

ಪರಮಾಣುವಾದಕ್ಕೆ ಪ್ರಸಿದ್ಧನಾದ ಜಾನ್ ಡಾಲ್ಟನನ ಹೆಸರನ್ನು ನಮ್ಮ ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತವರೆಲ್ಲರೂ ಬಲ್ಲರು. ಆದರೆ ಆ ಪಂಡಿತನಿಗೆ ಕೆಂಪುಹಸುರುಗಳ ಭೇದವೇ ಸರಿಯಾಗಿ ಕಾಣುತ್ತಿರಲಿಲ್ಲವೆಂಬುದನ್ನು ಅನೇಕರು ಅರಿಯರು. ಆತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಡಾಲ್ಟನನು ೧೭೬೬ರಲ್ಲಿ ಇಂಗ್ಲೆಂಡಿನ ಕಂಬರ್ಲೆಂಡ್ ಸೀಮೆಯ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ನೇಯ್ಗೆಯವನು, ಮನೆಯವರು ಕ್ವೇಕರ್ ಪಂಥದವರು. ಹುಡುಗನು ೧೨ನೆಯ ವಯಸ್ಸಿನಲ್ಲಿಯೇ ಊರ ಮಕ್ಕಳಿಗೆ ಪಾಠ ಹೇಳತೊಡಗಿದನು. ೧೭೮೭ರಲ್ಲಿ ಆರಂಭಿಸಿದ ಹವಾಮಾನದ ದಿನಚರಿಯನ್ನು ಜೀವಮಾನವೆಲ್ಲ ಬಿಡದೆ ಬರೆದನು. ೧೭೯೩ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಗಣಿತವನ್ನೂ ಪ್ರಕೃತಿಶಾಸ್ತ್ರವನ್ನೂ ಬೋಧಿಸಿದನು.

೧೭೯೨ರಲ್ಲಿ ಒಂದು ರಾತ್ರಿ ಆತನು ಜೆರೇನಿಯಮ್ ಹೂವೊಂದನ್ನು ಮೇಣದ ಬತ್ತಿಯ ಬೆಳಕಿನಲ್ಲಿ ನೋಡಿದನು. ಹಗಲಿನಲ್ಲಿ ನೀಲಿಯಾಗಿ ತೋರಿದ್ದ ಆ ಹೂವು ಆಗ ಕೆಂಪಾಗಿ ಕಂಡಿತು. ಗೆಳೆಯರನ್ನು ವಿಚಾರಿಸಲಾಗಿ, ಅವರಾರಿಗೂ ಅಂಥ ಮಾರ್ಪಾಡು ಕಾಣಲಿಲ್ಲ. ಒಡಹುಟ್ಟಿದ ಅಣ್ಣನಿಗೆ ಮಾತ್ರ ತನ್ನಂತೆಯೇ ಕಂಡಿತು. ಲೋಪವು ಹೂವಿನಲ್ಲಿಲ್ಲ, ತಮ್ಮಿಬ್ಬರ ಕಣ್ಣುಗಳಲ್ಲಿದೆ ಎಂದು ಆತನು ತಿಳಿದುಕೊಂಡನು. ಇದನ್ನು ಮುಚ್ಚಿಡದೆ, ೧೭೯೪ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ಪ್ರಬಂಧವಾಗಿ ಓದಿದನು. ರಕ್ತವು ತನಗೆ ಕಡುಹಸುರು ಸೀಸೆಯ ಬಣ್ಣಕ್ಕೆ ಸಮೀಪವಾಗಿ ತೋರುವುದೆಂದು ಅದರಲ್ಲಿ ತಿಳಿಸಿದನು.

ಕಣ್ಣಿನೊಳಗಣ ದ್ರವವು ನೀಲಿಯಾಗಿರುವುದೇ ಇದಕ್ಕೆ ಕಾರಣವೆಂದು ಡಾಲ್ಟನನು ಊಹಿಸಿ, ತಾನು ಸತ್ತ ಮೇಲೆ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ಅಪ್ಪಣೆಮಾಡಿದನು. ೧೮೪೪ರಲ್ಲಿ ಆತನು ತೀರಿಕೊಂಡಾಗ ರ‍್ಯಾನ್ಸಮ್ ಎಂಬ ವೈದ್ಯನು ಹಾಗೆಯೇ ಮಾಡಲು, ದ್ರವವು ನಿರ್ಮಲವಾಗಿತ್ತು, ಊಹೆಯು ತಪ್ಪಾಯಿತು. ಆದರೆ ಕಾದಿರಿಸಿದ ಆ ಕಣ್ಣುಗಳ ತುಣುಕುಗಳಿಂದಲೇ ೧೯೯೫ರಲ್ಲಿ ವಿಜ್ಞಾನಿಗಳು ನಿಜವನ್ನು ಕಂಡುಹಿಡಿದರು. ಹಸುರು ಬೆಳಕನ್ನು ಮುಖ್ಯವಾಗಿ ಗ್ರಹಿಸುವ ವರ್ಣದ್ರವ್ಯವು ಆತನ ಕಣ್ಣುಗಳಲ್ಲಿ ಹುಟ್ಟಿನಿಂದಲೇ ಇರಲಿಲ್ಲ.

ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಕಥೆಯ ಬೆಲೆಯು ಚೆನ್ನಾಗಿ ತಿಳಿಯುವುದು. ಬೆನೆಡಿಕ್ಟ್ ಪರೀಕ್ಷೆಯಲ್ಲಿ ಸಕ್ಕರೆಯ ಅಂಶವು ಹೆಚ್ಚಿದಂತೆ ನೀಲಿಯು ಹಸುರಾಗಿ, ಹಳದಿಯಾಗಿ, ಇಟ್ಟಿಗೆಗೆಂಪಾಗುವುದು. ಗ್ರಾಮ್ ವಿಧಾನದಲ್ಲಿ ಕೆಲವು ರೋಗಾಣುಗಳು ನೇರಿಳೆಯಾಗಿಯೂ ಕೆಲವು ನಸುಗೆಂಪಾಗಿಯೂ ತೋರುವುವು. ಬಣ್ಣವನ್ನು ತಪ್ಪಾಗಿ ಓದಿದರೆ ಕೇಡು ರೋಗಿಗೆ. ತನ್ನ ಕಣ್ಣಿನ ಲೋಪವನ್ನು ಅರಿತವನು ಜೊತೆಗಾರರನ್ನು ಕೇಳಿ ನಿಶ್ಚಯಿಸಿಕೊಳ್ಳುವನು, ಅರಿಯದವನಿಂದಲೇ ಭಯ.

ಈ ಲೋಪವು ಬಹುಮಟ್ಟಿಗೆ ಗಂಡುಮಕ್ಕಳಲ್ಲಿಯೂ ಅಪರೂಪವಾಗಿ ಹೆಣ್ಣುಮಕ್ಕಳಲ್ಲಿಯೂ ಕಾಣಬರುವುದು. ತಾಯಿಯ ಕಣ್ಣು ಸರಿಯಾಗಿದ್ದರೂ ಆಕೆಯ ಮೂಲಕವಾಗಿ ಮಗನಿಗೆ ಇಳಿದುಬರುವುದುಂಟು. ಆದುದರಿಂದ ಬಣ್ಣಗಳನ್ನು ತಪ್ಪಾಗಿ ಹೇಳುವ ಮಗುವನ್ನು ಗದರಿಸಬೇಡಿರಿ; ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿರುವ ಇಷಿಹಾರಾ ಫಲಕಗಳಿಂದ ಪರೀಕ್ಷೆಮಾಡಿಸಿರಿ. ಲೋಪವಿರುವುದು ಅವಮಾನವಲ್ಲ. ಅದನ್ನು ತಾನೇ ಕಂಡುಕೊಂಡು ಸಭೆಯಲ್ಲಿ ಒಪ್ಪಿ ಹೇಳಿದ ಡಾಲ್ಟನನು ಅದರಿಂದ ಹಿರಿಯನೇ ಆದನೆಂದು ನಾವು ಎಣಿಸುತ್ತೇವೆ.