ಐದು ಪರ್ಸೆಂಟಿಗೆ ನಿಂತ ಮನೆ ಒಡತಿ

ಬಿಲ್ಡರ್‌ಗಳ ಬ್ರೋಶರಿನಲ್ಲಿ ಈಗ ಸಾಮಾಜಿಕ ಜವಾಬ್ದಾರಿ ಅನ್ನೋ ಪುಟ ಇದ್ದೇ ಇರುತ್ತೆ. ನಾಲ್ಕು ಗಿಡ ನೆಟ್ಟ ಫೋಟೊ, ಒಂದು ಶಾಲೆಗೆ ಬಣ್ಣ ಹೊಡೆಸಿದ ಫೋಟೊ. ಲಾಭ ಎಷ್ಟು ತಗೊಂಡ್ರಿ, ಆ ಮನೆ ಯಾರ ಕೈಗೆ ಎಟುಕುತ್ತೆ ಅನ್ನೋದು ಮಾತ್ರ ಅಲ್ಲಿರಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಎರಡು ತಿಂಗಳದ್ದು ಕಳಕೊಂಡ ನನಗೆ ಅಂಥ ಪುಟ ಕಂಡಾಗಲೆಲ್ಲ ಲಂಡನ್ನಿನ ಆಕ್ಟೇವಿಯಾ ಹಿಲ್ ನೆನಪಾಗುತ್ತಾಳೆ.

ಹುಟ್ಟಿದ್ದು 1838ರಲ್ಲಿ. ಅಪ್ಪ ದಿವಾಳಿಯಾಗಿ ಮನಸ್ಸಿನ ಸ್ವಾಸ್ಥ್ಯ ಕಳಕೊಂಡಾಗ ಅವಳಿನ್ನೂ ಕೂಸು. ತಾಯಿಯ ತಂದೆ ಸೌತ್‌ವುಡ್ ಸ್ಮಿತ್ ಡಾಕ್ಟರು. ಲಂಡನ್ನಿನ ಕೊಳೆಗೇರಿಗಳ ಜ್ವರದ ಬಗ್ಗೆ ಸರ್ಕಾರದ ಕಣ್ಣು ತೆರೆಸಲು ದುಡಿದವರು. ಹದಿನಾಲ್ಕರ ಸುಮಾರಿಗೇ ಆಕ್ಟೇವಿಯಾ ಬಡಮಕ್ಕಳು ಆಟಿಕೆ ತಯಾರಿಸುವ ಒಂದು ಕೋಣೆಯ ಉಸ್ತುವಾರಿ. ಆ ಮಕ್ಕಳ ಮನೆಗಳಿಗೆ ಹೋಗಿ ಬಂದಮೇಲೆ ಅವಳಿಗೆ ಒಂದು ವಿಷಯ ಅರ್ಥವಾಯ್ತು: ಸಮಸ್ಯೆ ಇರೋದು ಬಾಡಿಗೆ ಮನೆಯಲ್ಲಿ.

ಕೈಯಲ್ಲಿ ಕಾಸಿರಲಿಲ್ಲ. ಆದರೆ ಅವಳು ಚಿತ್ರಗಳ ನಕಲು ಮಾಡಿಕೊಡುತ್ತಿದ್ದುದು ಜಾನ್ ರಸ್ಕಿನ್‌ಗೆ. 1864ರಲ್ಲಿ ತೀರಿಕೊಂಡ ಅಪ್ಪನಿಂದ ರಸ್ಕಿನ್‌ಗೆ ದೊಡ್ಡ ಆಸ್ತಿ ಬಂದಿತ್ತು. ಮರುವರ್ಷ ಅವರ 750 ಪೌಂಡಿನಲ್ಲಿ ಮ್ಯಾರಿಲಿಬೋನ್‌ನ ಮೂರು ಮನೆಗಳ ಲೀಸ್ ಸಿಕ್ಕಿತು. ಜಾಗದ ಹೆಸರು ಪ್ಯಾರಡೈಸ್ ಪ್ಲೇಸ್. ಹೆಸರಿಗಷ್ಟೇ ಸ್ವರ್ಗ! ಗೋಡೆಯ ಗಾರೆ ಉದುರುತ್ತಿತ್ತು, ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟಿತ್ತು, ಮೆಟ್ಟಿಲ ಕಟಕಟೆ ಆಗಲೇ ಒಲೆಗೆ ಸೌದೆಯಾಗಿತ್ತು.

ರಸ್ಕಿನ್ ಹಾಕಿದ ಲೆಕ್ಕ ಸರಳ. ವರ್ಷಕ್ಕೆ ಐದು ಪರ್ಸೆಂಟ್ ಹುಟ್ಟಿದರೆ ಬೇರೆ ಹಣವಂತರೂ ಇದಕ್ಕೆ ದುಡ್ಡು ಹಾಕ್ತಾರೆ. ನನಗೆ ಮುಖ್ಯ ಅನಿಸೋದು ಈ ಐದರ ಇನ್ನೊಂದು ಮಗ್ಗುಲು. ಅದು ಬರೀ ಭರವಸೆಯಲ್ಲ, ಮಿತಿ ಕೂಡ. ಅದಕ್ಕಿಂತ ಮೇಲೆ ಉಳಿದದ್ದು ಮನೆಗೇ ವಾಪಸ್. ರಿಪೇರಿಗೆ ಅಂತ ತೆಗೆದಿಟ್ಟ ದುಡ್ಡು ಒಡೆದದ್ದು ಮುರಿದದ್ದಕ್ಕೆ ಖರ್ಚಾಗದೆ ಉಳಿದರೆ, ಅದರಲ್ಲಿ ಏನು ಮಾಡಿಸಬೇಕು ಅಂತ ಹೇಳೋರು ಬಾಡಿಗೆದಾರರೇ. ಕೆಲಸ ಸಿಗದ ತಿಂಗಳುಗಳಲ್ಲಿ ಅವರಿಗೇ ರಿಪೇರಿ ಕೂಲಿ, ದೊಡ್ಡ ಹುಡುಗಿಯರಿಗೆ ಮೆಟ್ಟಿಲು ತೊಳೆಯುವ ಸಂಬಳ. ವಾರಕ್ಕೊಮ್ಮೆ ಬಾಡಿಗೆ ವಸೂಲಿಗೆ ಬರುತ್ತಿದ್ದವರು ಆಕ್ಟೇವಿಯಾ ಮತ್ತು ಅವಳು ತರಬೇತಿ ಕೊಟ್ಟ ಹೆಂಗಸರು. ಪ್ರತಿ ಮನೆಯ ಸಂಗತಿಯೂ ಅವರಿಗೆ ಗೊತ್ತಿರುತ್ತಿತ್ತು. 1874ರ ಹೊತ್ತಿಗೆ 15 ವಸತಿ ಯೋಜನೆ, ಸುಮಾರು 3,000 ಬಾಡಿಗೆದಾರರು.

ಹಾಗಂತ ಇವಳನ್ನು ಪೋಸ್ಟರ್ ಮಾಡಿ ಗೋಡೆಗೆ ಅಂಟಿಸೋಕೆ ನನಗೆ ಮನಸ್ಸಿಲ್ಲ. ಬಾಡಿಗೆ ಬಾಕಿ ಅಂದ್ರೆ ಅವಳಿಗೆ ಆಗುತ್ತಿರಲಿಲ್ಲ; ಕೊಡದವರನ್ನು ಹೊರಗೆ ಹಾಕುತ್ತಿದ್ದಳು. ಆ ವಾರದ ಭೇಟಿಗಳಲ್ಲಿ ಅಕ್ಕರೆ ಎಷ್ಟಿತ್ತೋ ಕಾವಲುಗಣ್ಣೂ ಅಷ್ಟೇ ಇತ್ತು. ನಗರಸಭೆ ಮನೆ ಕಟ್ಟೋದನ್ನು ವಿರೋಧಿಸಿದಳು, ಸರ್ಕಾರಿ ವೃದ್ಧಾಪ್ಯ ವೇತನವನ್ನೂ ವಿರೋಧಿಸಿದಳು. ಇಷ್ಟೆಲ್ಲ ಹೆಂಗಸರಿಗೆ ಉದ್ಯೋಗ ಕಲಿಸಿದವಳು ಹೆಂಗಸರಿಗೆ ಓಟು ಬೇಡ ಅಂದಳು! ಐದು ಪರ್ಸೆಂಟ್ ಕೊಡಲೇಬೇಕು ಅಂದಮೇಲೆ ವಾರದ ಬಾಡಿಗೆಯೂ ಹುಟ್ಟದ ಕಡುಬಡವರು ಎಲ್ಲಿಗೆ ಹೋಗಬೇಕು? ಅವಳ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಒಳ್ಳೆಯ ಮಾಲೀಕರಿಂದ ವಸತಿ ಸಮಸ್ಯೆ ಬಗೆಹರಿಯುತ್ತೆ ಅಂತ ನಂಬೋರು ಇದನ್ನು ಗಮನಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಅವಳು ಕಾಲಕ್ಕಿಂತ ಮುಂದಿದ್ದಳು. ಬಡವರಿಗೆ ಬರೀ ಸೂರು ಸಾಲದು, ಕೂರಲು ಬಯಲೂ ಬೇಕು. ಸ್ವಿಸ್ ಕಾಟೇಜ್ ಬಯಲನ್ನು ಬಿಲ್ಡರ್‌ಗಳಿಂದ ಉಳಿಸಲು ಹಣ ಕೂಡಿಸಿ 1875ರಲ್ಲಿ ಸೋತಳು, ಅಲ್ಲಿ ಕಟ್ಟಡಗಳೆದ್ದವು. 1877ರಲ್ಲಿ ರಸ್ಕಿನ್ ಜೊತೆಗೂ ಜಗಳವಾಗಿ, ಅವರು ಬಹಿರಂಗವಾಗಿಯೇ ಬೈದು ಬರೆದರು. ಆರೋಗ್ಯ ಕುಸಿದು ಬಹಳ ಕಾಲ ವಿದೇಶದಲ್ಲಿದ್ದು ವಾಪಸಾದವಳು ಸೌತ್‌ವರ್ಕ್‌ನಲ್ಲಿ ಪುಟ್ಟ ಮನೆಗಳು, ಸಭಾಂಗಣ, ತೋಟ ಎಲ್ಲ ಒಟ್ಟಿಗಿರುವ ರೆಡ್ ಕ್ರಾಸ್ ಗಾರ್ಡನ್ ಮಾಡಿಸಿದಳು. ಈಗಲೂ ಇದೆ. 1895ರಲ್ಲಿ ಇನ್ನಿಬ್ಬರ ಜೊತೆ ಸೇರಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದಳು.

1912ರ ಆಗಸ್ಟ್ 13ಕ್ಕೆ ತೀರಿಕೊಂಡಳು. ಏಳೇ ವರ್ಷದಲ್ಲಿ, 1919ರ ಕಾನೂನಿನಿಂದ, ಅವಳು ಬೇಡವೆಂದಿದ್ದ ನಗರಸಭೆ ಮನೆಗಳಿಗೆ ಸರ್ಕಾರದ ದುಡ್ಡು ಹರಿಯತೊಡಗಿತು. ಮುಂದೆ ಅಂಥ ಮನೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರಲ್ಲಿ ಅವಳ ಹತ್ತಿರ ಬಾಡಿಗೆ ವಸೂಲಿ ಕಲಿತ ಹೆಂಗಸರೂ ಇದ್ದರು.